ಎತ್ತರದ ಬಾನೆಟ್ಟಿನ ಜೀಪು

ನಮ್ಮ ತಾತ 1964ರಲ್ಲಿ ಕೊಂಡ ಜೀಪು ಕಾಫಿ ಗೋದಾಮಿನ ಹಿಂಬದಿಯ ತಗಡಿನ ಮಾಡಿನ ಕೆಳಗೆ ಹನ್ನೊಂದು ಮಳೆಗಾಲ ಒಂದೇ ಜಾಗದಲ್ಲಿ ನಿಂತಿತ್ತು. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಒಳಕ್ಕಿಳಿದರೆ ಸಿಗುವ ನಮ್ಮ ತೋಟದಲ್ಲಿ, ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೆ ಪೂರ್ತಿಯಾಗಿ ಬಿಡುವುದು ಅಪರೂಪ. ನೇರವಾಗಿ ಒಂದು ಹನಿಯೂ ಬೀಳದ ಕಡೆ ಇಟ್ಟ ಕಬ್ಬಿಣವನ್ನೂ ಗಾಳಿಯ ತೇವವೇ ನಿಧಾನವಾಗಿ ತಿನ್ನುತ್ತದೆ. 2021ರ ಮಾರ್ಚ್‌ನಲ್ಲಿ, ಆ ವರ್ಷದ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಆರು ಮಂದಿ ಸೇರಿ ಅದನ್ನು ಬೆಳಕಿಗೆ ಎಳೆದೆವು. ಚಾಲಕನ ಕಾಲಡಿಯ ತಗಡು ಇರಲೇ ಇಲ್ಲ, ಅಲ್ಲಿಂದ ನೆಲದ ಹುಲ್ಲು ಕಾಣುತ್ತಿತ್ತು. ಸೀಟಿನ ತೆಂಗಿನ ನಾರಿನಲ್ಲಿ ಇಲಿಗಳು ಸಂಸಾರ ಹೂಡಿದ್ದವು. ನಾಲ್ಕು ಚಕ್ರಗಳಲ್ಲಿ ಮೂರು ತಿರುಗಲಿಲ್ಲ.

ಅದನ್ನು ಎಳೆದು ತರಲು ಕಾರಣವಾದದ್ದು ಹಳೆಯ ವಾಹನದ ಮೇಲಿನ ಮೋಹವಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆಯ ಕಡೆ ಗುಡ್ಡಗಳು ಜಾರಿ, ಮಡಿಕೇರಿ–ಮಾದಾಪುರ ರಸ್ತೆ ಅಲ್ಲಲ್ಲಿ ಕೊಚ್ಚಿಹೋದಾಗ, ನಮ್ಮ ಕಡೆಯ ಮುದುಕರನ್ನೂ ಮಕ್ಕಳನ್ನೂ ಕೆಸರಿನ ತೋಟದ ದಾರಿಗಳಲ್ಲಿ ಹೊರಕ್ಕೆ ತಂದದ್ದು ಅಕ್ಕಪಕ್ಕದವರ ಫೋರ್‌ವೀಲ್ ಜೀಪುಗಳು. ನಮ್ಮ ಮನೆಯ ಪಿಕಪ್ ಗೇಟಿನ ಹತ್ತಿರದ ಏರಿನಲ್ಲಿಯೇ ಹೂತು ನಿಂತಿತ್ತು. ನೆರೆಮನೆಯ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ನಾಲ್ವರು ಒಂದೂವರೆ ಕಿಲೋಮೀಟರ್ ನಡೆದೆವು. ಆ ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಗೋದಾಮಿನ ಹಿಂದೆ ನಿಂತಿದ್ದ ತಾತನ ಜೀಪು. ಅದನ್ನು ಮತ್ತೆ ನಡೆಯುವಂತೆ ಮಾಡಬೇಕು, ಮಾಡಿದ ಮೇಲೆ ಅದು ತೋಟದ ಕೆಲಸ ಮಾಡಬೇಕು ಎಂಬ ನಿಶ್ಚಯ ಆ ದಿನದ್ದು. ಮುಂದೆ ಜೀಪನ್ನು ಕಟ್ಟುವಾಗ ಏನನ್ನು ಬದಲಿಸಬೇಕು, ಏನನ್ನು ಹಾಗೆಯೇ ಬಿಡಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನಾವು ಈ ಒಂದು ನಿಶ್ಚಯಕ್ಕೇ ಮರಳಿದ್ದೇವೆ.

ಕೊಡಗಿನಲ್ಲಿ ಜೀಪು ಎಂಬ ಮಾತಿಗೆ ಹಲವು ಆಕಾರಗಳಿವೆ. ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ್ದು 1947ರಲ್ಲಿ. ನಮ್ಮ ಮನೆಯದು ಸಿಜೆ-3ಬಿ ಮಾದರಿ. ನೋಡಿದೊಡನೆ ಗುರುತು ಸಿಗುವುದು ಅದರ ಎತ್ತರದ ಬಾನೆಟ್ಟಿನಿಂದ. ಯುದ್ಧಕಾಲದ ಜೀಪಿನ ಗೋ-ಡೆವಿಲ್ ಎಂಜಿನ್ನಿನಲ್ಲಿ ಗಾಳಿ ಒಳಗೆ ಬಿಡುವ ವಾಲ್ವ್, ಹೊಗೆ ಹೊರಗೆ ಬಿಡುವ ವಾಲ್ವ್ ಎರಡೂ ಸಿಲಿಂಡರಿನ ಪಕ್ಕದಲ್ಲಿ, ಎಂಜಿನ್ನಿನ ಮೈಯಾದ ಬ್ಲಾಕಿನೊಳಗೇ ಇದ್ದವು. ಅದರ ನಂತರ ಬಂದ ಹರಿಕೇನ್ ಎಂಜಿನ್ನಿನಲ್ಲಿ ಒಳಬಿಡುವ ವಾಲ್ವನ್ನು ಮೇಲಕ್ಕೆ, ಸಿಲಿಂಡರುಗಳನ್ನು ಮುಚ್ಚುವ ಹೆಡ್ಡಿಗೆ ಏರಿಸಿದರು; ಹೊರಬಿಡುವುದು ಬ್ಲಾಕಿನಲ್ಲಿಯೇ ಉಳಿಯಿತು. ಇದನ್ನು ಎಫ್-ಹೆಡ್ ಎನ್ನುತ್ತಾರೆ. ದೊಡ್ಡ ವಾಲ್ವಿಗೆ ಜಾಗ ಸಿಕ್ಕಿ, 60 ಅಶ್ವಶಕ್ತಿಯ ಎಂಜಿನ್ 70ನ್ನು ದಾಟಿತು, ಆದರೆ ಅದರ ಎತ್ತರ ಹೆಚ್ಚಾಯಿತು; ಆ ಎತ್ತರಕ್ಕಾಗಿ ಬಾನೆಟ್ಟನ್ನೂ ಮುಂದಿನ ಜಾಲರಿಯನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ ಈ ಮಾದರಿ 1953ರಿಂದ 1968ರವರೆಗೆ ತಯಾರಾಗಿ ನಿಂತುಹೋಯಿತು, ನಮ್ಮಲ್ಲಿ ಮಾತ್ರ ಅದರ ವಂಶ ಬಹಳ ಕಾಲ ಮುಂದುವರಿಯಿತು. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ 79 ಮಿಲಿಮೀಟರ್ ಆದರೆ ಪಿಸ್ಟನ್ ಓಡುವ ಉದ್ದ 111 ಮಿಲಿಮೀಟರ್. ಇಷ್ಟು ಉದ್ದದ ಸ್ಟ್ರೋಕ್ ಇರುವುದರಿಂದಲೇ ಅದು ವೇಗಕ್ಕೆ ಒಗ್ಗದಿದ್ದರೂ, ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಾಣೆಯ, ಎಂದರೆ ಗುಡ್ಡದ ಇಳಿಜಾರಿನ, ಏರನ್ನು ನಡೆಯುವ ಎತ್ತಿನಂತೆ ಹತ್ತಿಹೋಗುತ್ತದೆ.

ದುಃಖದ ಸಂಗತಿಯೆಂದರೆ, ನಾವು ಎಳೆದು ತಂದ ಜೀಪಿನಲ್ಲಿ ಆ ಎಂಜಿನ್ ಇರಲಿಲ್ಲ. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಎಂಬತ್ತರ ದಶಕದಲ್ಲಿ, ಊರಿನ ಅರ್ಧಕ್ಕರ್ಧ ಜೀಪುಗಳಂತೆ ಇದಕ್ಕೂ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ ಕೂರಿಸಲಾಗಿತ್ತು. ಅಂದು ನಮ್ಮ ತಂದೆ ತೆಗೆದುಕೊಂಡ ಆ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಕಾಫಿಗೆ ಬೆಲೆಯಿಲ್ಲದ ವರ್ಷಗಳಲ್ಲಿ ಜೀಪನ್ನು ಮಾರದೆ ಉಳಿಸಿಕೊಂಡದ್ದೇ ಆ ಎಂಜಿನ್ನಿನಿಂದ. ಆದರೆ ಅದರ ತೂಕಕ್ಕೂ ನಡುಕಕ್ಕೂ ಬಾಡಿಯನ್ನೂ ಎಂಜಿನ್ನನ್ನೂ ಹೊರುವ ಈ ಚೌಕಟ್ಟು, ಚಾಸಿ, ಮಾಡಿದ್ದಲ್ಲ. ಮೂಲ ಮೌಂಟುಗಳನ್ನು ಗ್ಯಾಸಿನಲ್ಲಿ ಕತ್ತರಿಸಿ, ಹೊಸದಾಗಿ ಕೋನಪಟ್ಟಿ ಬೆಸೆದಿದ್ದ ಜಾಗದಲ್ಲಿಯೇ ಚಾಸಿಯ ಬಲಗಡೆಯ ಉದ್ದಪಟ್ಟಿ ಸೀಳಿತ್ತು. 2010ರಲ್ಲಿ ಜೀಪನ್ನು ನಿಲ್ಲಿಸಿದ್ದು ಆ ಸೀಳಿನಿಂದಲೇ.

ನಮ್ಮ ಗುಂಪಿನ ಬಗ್ಗೆ ಇಲ್ಲಿ ಹೇಳಬೇಕು, ಏಕೆಂದರೆ ಮುಂದಿನ ಕೆಲಸದಲ್ಲಿ ನಾನು ಒಬ್ಬನೇ ಮಾಡಿದ್ದು ಬಹಳ ಕಡಿಮೆ. ಸೈನ್ಯದ ವಾಹನ, ಯಂತ್ರಗಳನ್ನು ರಿಪೇರಿ ಮಾಡುವ ಇಎಂಇ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದ, ನಾವೆಲ್ಲರೂ ಮಾವ ಎಂದು ಕರೆಯುವ ಹಿರಿಯರೊಬ್ಬರು, ವಿರಾಜಪೇಟೆಯಲ್ಲಿ ಭೌತಶಾಸ್ತ್ರ ಕಲಿಸುವ, ವೈರಿಂಗಿನ ವಿಷಯದಲ್ಲಿ ಅಪಾರ ತಾಳ್ಮೆಯ ಮೇಷ್ಟ್ರು, ಗೋಣಿಕೊಪ್ಪಲಿನ, ತಗಡು ತಟ್ಟಿ ಬೆಸೆಯುವ ಟಿಂಕರ್, ಇಂಥದ್ದೇ ಎತ್ತರದ ಬಾನೆಟ್ಟಿನ ಜೀಪನ್ನು ಇಂದಿಗೂ ಓಡಿಸುತ್ತಿರುವ ಸೋಮವಾರಪೇಟೆ ಕಡೆಯ ಬೆಳೆಗಾರ, ಮತ್ತು ನಮ್ಮ ತೋಟದ ಲೆಕ್ಕ ನೋಡುವ ರೈಟರ್. ಭಾನುವಾರ ಬೆಳಿಗ್ಗೆ ಕಣದ ಪಕ್ಕದ ಮಾಡಿನಲ್ಲಿ ಸೇರುವುದು, ಮಧ್ಯಾಹ್ನ ಅಮ್ಮ ಕಳಿಸುವ ಅಕ್ಕಿಯ ಉಂಡೆ ಕಡಂಬುಟ್ಟು ತಿನ್ನುವುದು, ಕತ್ತಲಾಗುವ ಮೊದಲು ಆಯಾ ದಿನ ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹೆಸರು ಬರೆದ ಡಬ್ಬಿಗೆ ಹಾಕುವುದು ನಮ್ಮ ಕ್ರಮವಾಯಿತು. ಡಬ್ಬಿಯ ಶಿಸ್ತು ಮಾವನದು. ಒಂದು ವರ್ಷದ ನಂತರ ಮತ್ತೆ ಜೋಡಿಸಲು ಕುಳಿತಾಗ ಅದರ ಬೆಲೆ ನಮಗೆ ತಿಳಿಯಿತು.

ಚಾಸಿಯನ್ನು ಸರಿಪಡಿಸಿ ಡೀಸೆಲ್ ಎಂಜಿನ್ನನ್ನೇ ಉಳಿಸಿಕೊಳ್ಳುವುದೋ, ಹರಿಕೇನ್ ಎಂಜಿನ್ ಹುಡುಕುವುದೋ ಎಂಬ ಚರ್ಚೆ ಎರಡು ಭಾನುವಾರ ನಡೆಯಿತು. ಹಳೆಯದನ್ನು ಹಳೆಯದರಂತೆಯೇ ಮಾಡಬೇಕೆಂಬ ಹಟ ನನ್ನದಾಗಿರಲಿಲ್ಲ. ಆದರೆ ಮುಂದಿನ ಅಕ್ಸಲಿನ ಮೇಲೆ ಬೀಳುತ್ತಿದ್ದ ಹೆಚ್ಚುವರಿ ತೂಕದಿಂದ ಸ್ಟೀರಿಂಗ್ ಬಾಕ್ಸ್ ಸವೆದದ್ದನ್ನೂ, ಸ್ಪ್ರಿಂಗಿನ ಪಟ್ಟಿಗಳು ಚಪ್ಪಟೆಯಾದದ್ದನ್ನೂ ಮಾವ ಒಂದೊಂದಾಗಿ ತೋರಿಸಿದ ಮೇಲೆ ಬೇರೆ ಮಾತು ಉಳಿಯಲಿಲ್ಲ. ಎಂಜಿನ್ ಸಿಕ್ಕಿದ್ದು ಮೈಸೂರಿನ ಒಂದು ಗುಜರಿಯಲ್ಲಿ, ತೂಕದ ಲೆಕ್ಕದಲ್ಲಿ. ಪಿಸ್ಟನ್ನುಗಳು ಸಿಲಿಂಡರುಗಳಿಗೆ ಅಂಟಿ ಕಲ್ಲಾಗಿದ್ದವು.

ಈ ಎಂಜಿನ್ನಿನ ಹೆಡ್ ಬಿಚ್ಚುವಾಗ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದು ತಿಳಿಯದೆ ಒಡೆದ ಹೆಡ್ಡುಗಳು ಕೊಡಗಿನ ಗೋದಾಮುಗಳಲ್ಲಿ ಇನ್ನೂ ಎಷ್ಟಿವೆಯೋ. ಅಂದು ಮಾವ ಬಂದಿರಲಿಲ್ಲ. ಕಣ್ಣಿಗೆ ಕಾಣುವ ಹೆಡ್‌ಬೋಲ್ಟುಗಳನ್ನೆಲ್ಲ ಬಿಚ್ಚಿ, ಎರಡು ಬದಿಯಿಂದ ಮರದ ಬೆಣೆ ಕೊಟ್ಟು ಮೆಲ್ಲಗೆ ತಟ್ಟಿದೆ, ಹೆಡ್ ಅಲುಗಲಿಲ್ಲ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್‌ಕೆಟ್ ಅಂಟಿರಬೇಕೆಂದು ತಿಳಿದು ಸರಪಳಿ ಕಟ್ಟಿ, ಮಾಡಿನ ತೊಲೆಗೆ ಚೈನ್‌ಬ್ಲಾಕ್ ಹಾಕಿ ಎತ್ತಿದೆ. ಹೆಡ್ಡಿನೊಡನೆ ಇಡೀ ಎಂಜಿನ್ ನೆಲದಿಂದ ಮೇಲೆದ್ದಿತು. ಇನ್ನೊಂದು ದೊಡ್ಡ ಸುತ್ತಿಗೆ ತರೋಣವೆಂದು ಹೊರಟವನನ್ನು ರೈಟರ್ ತಡೆದು, ಮಾವನಿಗೆ ಫೋನ್ ಮಾಡಿಸಿದರು. ಮಾವ ಕೇಳಿದ್ದು ಒಂದೇ ಪ್ರಶ್ನೆ, ಕಾರ್ಬ್ಯುರೇಟರ್ ತೆಗೆದಿದ್ದೀಯಾ ಎಂದು. ಕಾರ್ಬ್ಯುರೇಟರ್ ಕೂರುವ ತೂತಿನೊಳಗೆ, ಗಾಳಿ ಇಳಿಯುವ ಕೊಳವೆಯ ತಳದಲ್ಲಿ, ಒಂದು ಹೆಡ್‌ಬೋಲ್ಟ್ ಅಡಗಿದೆ. ಟಾರ್ಚ್ ಬಿಟ್ಟು ನೋಡಿದರೆ ಮಸಿಯ ನಡುವೆ ಅದರ ಆರು ಮೂಲೆಗಳು ಕಂಡವು. ಇನ್ನೊಂದು ಏಟು ಬಿದ್ದಿದ್ದರೆ ಹೆಡ್ ಸೀಳುತ್ತಿತ್ತು. ಅದಕ್ಕೆ ಬದಲಿ ಹೆಡ್ ಹುಡುಕಲು ಇನ್ನೊಂದು ವರ್ಷ ಬೇಕಾಗುತ್ತಿತ್ತು. ಮತ್ತೆ ಕೂರಿಸುವಾಗಲೂ ಇದೇ ಬೋಲ್ಟ್ ಮರೆತು ಹೋಗುವುದುಂಟು, ಆಗ ಎಂಜಿನ್ ಬಿಸಿಯಾದ ಕೂಡಲೇ ಗ್ಯಾಸ್‌ಕೆಟ್ ಹಾರುತ್ತದೆ. ನಾವು ಜೋಡಿಸುವ ದಿನ ಆ ಬೋಲ್ಟಿಗೆ ಪ್ರತ್ಯೇಕ ಡಬ್ಬಿ ಮಾಡಿ, ಮೇಲೆ ಕೆಂಪು ಬಣ್ಣ ಬಳಿದು ಇಟ್ಟಿದ್ದೆವು. ಎಲ್ಲ ಬೋಲ್ಟುಗಳನ್ನೂ ಮಧ್ಯದಿಂದ ಹೊರಕ್ಕೆ, ಹಂತಹಂತವಾಗಿ 65 ಅಡಿ-ಪೌಂಡಿಗೆ ಬಿಗಿದು, ಎಂಜಿನ್ ಒಮ್ಮೆ ಬಿಸಿಯಾಗಿ ಆರಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದೆವು.

ಅಂಟಿದ ಪಿಸ್ಟನ್ನುಗಳಿಗೆ ಸೀಮೆಎಣ್ಣೆ ಮತ್ತು ಗೇರ್ ಎಣ್ಣೆಯ ಮಿಶ್ರಣ ಸುರಿದು ಒಂಬತ್ತು ದಿನ ಬಿಟ್ಟೆವು. ಹತ್ತನೆಯ ದಿನ ಮರದ ತುಂಡಿಟ್ಟು ತಟ್ಟಿದಾಗ ಮೂರನೆಯ ಸಿಲಿಂಡರ್ ಮೊದಲು ಸಡಿಲವಾಯಿತು. ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮೈಸೂರಿನಲ್ಲಿ ಆಯಿತು. ಅಲ್ಲಿಯೇ ಬ್ಲಾಕಿನಲ್ಲಿರುವ ಹೊಗೆವಾಲ್ವುಗಳಿಗೆ ಗಟ್ಟಿ ಲೋಹದ ಹೊಸ ಸೀಟುಗಳನ್ನು ಹಾಕಿಸಿದೆವು, ಏಕೆಂದರೆ ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಸೀಟುಗಳಿಗೆ ಒಂದು ಬಗೆಯ ಲೇಪವಾಗಿ ಸವೆತವನ್ನು ತಡೆಯುತ್ತಿತ್ತು, 2000ದಿಂದ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲೇ ಸಿಗುತ್ತಿದೆ. ವಾಲ್ವಿನ ಅಂತರವನ್ನು ತಣ್ಣಗಿರುವಾಗ ಮೇಲಿನದಕ್ಕೆ ಇಂಚಿನ ಸಾವಿರದಲ್ಲಿ 18 ಭಾಗ, ಕೆಳಗಿನದಕ್ಕೆ 16 ಭಾಗ ಎಂದು ಹೊಂದಿಸಬೇಕು. ಕೆಳಗಿನವನ್ನು ಮುಟ್ಟಲು ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಫೆಂಡರಿನ ಮೇಲೆ ಬಾಗಿ, ಬೆರಳಿನ ಅಂದಾಜಿನಲ್ಲಿಯೇ ಕೆಲಸ ಮಾಡಬೇಕು. ಮೇಷ್ಟ್ರ ಸಣ್ಣ ಕೈಗಳು ಅಲ್ಲಿ ನಮ್ಮೆಲ್ಲರಿಗಿಂತ ಚುರುಕು.

ಬಾಡಿಯ ಕೆಲಸದಲ್ಲಿ ನನ್ನ ಮತ್ತು ಟಿಂಕರಿನ ಅಭಿಪ್ರಾಯ ಬೇರೆಯಾಗಿತ್ತು. ಹೊಸ ಬಾಡಿಯೇ ಸಿಗುವಾಗ ತುಕ್ಕು ಹಿಡಿದ ತಗಡನ್ನು ಏಕೆ ತುಂಡುತುಂಡಾಗಿ ಬೆಸೆಯಬೇಕು ಎಂಬುದು ನನ್ನ ಪ್ರಶ್ನೆ. ಹಳೆಯ ತಗಡಿನ ದಪ್ಪವನ್ನು ಅವರು ಗೇಜಿನಲ್ಲಿ ಅಳೆದು ತೋರಿಸಿದರು. ಈಗ ಸಿಗುವ ಬಾಡಿಯ ತಗಡು ಅದಕ್ಕಿಂತ ತೆಳು. ಕೊನೆಗೆ ಕಾಲಡಿಯ ನೆಲವನ್ನೂ ಪಕ್ಕದ ಗೋಡೆಗಳ ಕೆಳಗಿನ ನಾಲ್ಕು ಇಂಚನ್ನೂ ಮಾತ್ರ ಕತ್ತರಿಸಿ ಹೊಸ ತಗಡು ಬೆಸೆದು, ಉಳಿದದ್ದನ್ನು ಹಾಗೆಯೇ ಇಟ್ಟೆವು. ಪುಟ್ಟಿಯನ್ನು ಎಲ್ಲಿಯೂ ಬಳಿಯಲಿಲ್ಲ, ಏಕೆಂದರೆ ನಮ್ಮ ಮಳೆಯಲ್ಲಿ ಪುಟ್ಟಿ ತೇವವನ್ನು ಹೀರಿ ಒಳಗಿನಿಂದಲೇ ತುಕ್ಕನ್ನು ಬೆಳೆಸುತ್ತದೆ. ನೀರು ನಿಲ್ಲದಂತೆ ನೆಲದ ನಾಲ್ಕು ಮೂಲೆಗಳಲ್ಲಿ ತೂತು ಬಿಟ್ಟಿದ್ದೇವೆ. ಬಾನೆಟ್ಟಿನ ಎಡಗಡೆ ಒಂದು ತಗ್ಗು ಇದೆ. ಗಾಳಿಮಳೆಯಲ್ಲಿ ಸಿಲ್ವರ್ ಓಕಿನ ಕೊಂಬೆ ಮುರಿದು ಬಿದ್ದಾಗ ಆದದ್ದು, ಆಗ ತಾತ ಒಳಗೆ ಕುಳಿತಿದ್ದರು. ಅದನ್ನು ತಟ್ಟಿ ಸಮ ಮಾಡಲು ಬಂದ ಟಿಂಕರಿಗೆ ಬೇಡವೆಂದು ಕೈಮುಗಿದೆ.

ಬ್ರೇಕಿನ ವಿಷಯದಲ್ಲಿ ಮಾತ್ರ ಯಾವ ಹಳೆಯದನ್ನೂ ಉಳಿಸಲಿಲ್ಲ. ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಈ ಜೀಪಿನಲ್ಲಿ ಇರುವುದು ಪೆಡಲಿನ ಕೆಳಗೆ, ನೆಲದ ಅಡಿಯಲ್ಲಿ. ಚಕ್ರದಿಂದ ಎರಚುವ ಕೆಸರೆಲ್ಲ ಅದರ ಮೇಲೆಯೇ ಬೀಳುತ್ತದೆ, ಎಣ್ಣೆ ನೋಡಬೇಕಾದರೆ ನೆಲದ ಮುಚ್ಚಳ ತೆಗೆಯಬೇಕು, ಹೀಗಾಗಿ ಯಾರೂ ನೋಡುವುದಿಲ್ಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದಾದ್ದರಿಂದ ಒಣ ಊರುಗಳಲ್ಲಿ ಎರಡು ವರ್ಷ ಬರುವುದು ನಮ್ಮಲ್ಲಿ ಒಂದು ಮಳೆಗಾಲಕ್ಕೆ ಕೆಡುತ್ತದೆಂದು ಭಾವಿಸಿ, ಪ್ರತಿವರ್ಷ ಅಕ್ಟೋಬರಿನಲ್ಲಿ ಪೂರ್ತಿ ಬದಲಿಸುತ್ತೇವೆ. ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ಹಿಡಿಯದೆ, ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಅಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ; ನಿಲ್ಲಿಸಿದ ಮೇಲೆ ಹಾಕಬೇಕಾದ್ದೇ ಹೊರತು ಓಡುವಾಗ ಎಳೆಯಬಾರದು.

ಗೇರ್‌ಬಾಕ್ಸಿನಲ್ಲಿ ಎಣ್ಣೆ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಹನಿಯೂ ಇಲ್ಲ ಎಂದು ಈ ಜೀಪುಗಳನ್ನು ಇಟ್ಟುಕೊಂಡವರು ಸಾಮಾನ್ಯವಾಗಿ ಚಿಂತಿಸುತ್ತಾರೆ. ಆ ಎಣ್ಣೆ ಹಿಂದಿನ ಟ್ರಾನ್ಸ್‌ಫರ್ ಕೇಸಿಗೆ ದಾಟಿ ಅಲ್ಲಿ ಹೆಚ್ಚಾಗಿರುತ್ತದೆ. ಎರಡೂ ಕಡೆಯ ಮಟ್ಟವನ್ನು ಒಟ್ಟಿಗೆ ನೋಡಬೇಕು, ಎರಡಕ್ಕೂ ಒಂದೇ ಎಣ್ಣೆ ಹಾಕಬೇಕು. ಜಿಎಲ್-5 ದರ್ಜೆಯ ಎಣ್ಣೆಯಲ್ಲಿರುವ ಗಂಧಕದ ಅಂಶ ಒಳಗಿನ ಹಿತ್ತಾಳೆ ಭಾಗಗಳಿಗೆ ಒಳ್ಳೆಯದಲ್ಲ. ನಾವು ಜಿಎಲ್-4 ಹಾಕುತ್ತೇವೆ.

ಎಂಜಿನ್ ಮೊದಲ ಸಲ ಉಸಿರು ತೆಗೆದದ್ದು 2023ರಲ್ಲಿ ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಮರುದಿನ. ತೋಟವೆಲ್ಲ ಬಿಳಿಯಾಗಲು ಇನ್ನೂ ಒಂದು ವಾರವಿತ್ತು. ಹ್ಯಾಂಡಲ್ ಹಾಕಿ ಹತ್ತು ಸಲ ತಿರುಗಿಸಿ ಎಣ್ಣೆ ಮೇಲೇರಿಸಿ, ಸೊಲೆಕ್ಸ್ ಕಾರ್ಬ್ಯುರೇಟರಿಗೆ ಒಂದು ಮುಚ್ಚಳ ಪೆಟ್ರೋಲ್ ಹನಿಸಿ, ಮೇಷ್ಟ್ರು ಸ್ವಿಚ್ ಒತ್ತಿದರು. ಎರಡು ಸಲ ಸೀನಿದ ಹಾಗೆ ಸದ್ದು ಮಾಡಿ ನಿಂತಿತು; ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒತ್ತಿದಾಗ ಹಿಡಿಯಿತು. ಡೀಸೆಲ್ಲಿನ ಗಡಗಡ ಕೇಳಿ ಬೆಳೆದ ನನಗೆ ಅಷ್ಟು ಮೆತ್ತನೆಯ ಸದ್ದು ನಮ್ಮ ಜೀಪಿನದೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಅಡುಗೆಮನೆಯಿಂದ ಹೊರಬಂದ ಅಮ್ಮ ಕಣ್ಣೊರೆಸಿಕೊಳ್ಳುತ್ತಾ, ಮದುವೆಯಾಗಿ ಈ ಮನೆಗೆ ಬಂದ ದಿನ ಕೇಳಿದ ಸದ್ದು ಇದೇ ಎಂದರು.

ಆರ್‌ಸಿಯಲ್ಲಿ ಇಂಧನವನ್ನೂ ಎಂಜಿನ್ ಸಂಖ್ಯೆಯನ್ನೂ ಬದಲಿಸಿಕೊಳ್ಳಲು ಹಿಡಿದ ಅಲೆದಾಟವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಹಲವರು ಕೇಳುವ ಒಂದು ವಿಷಯವನ್ನು ಹೇಳಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ವಾಣಿಜ್ಯಕ್ಕೆ ಬಳಸದ ವಾಹನಗಳಿಗೆ ವಿಎ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಮ್ಮ ಜೀಪಿನ ವಯಸ್ಸು ಅದಕ್ಕೆ ಸಾಕು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಮತ್ತು ರಿಪೇರಿಗೆ ಬಿಟ್ಟು ನಿತ್ಯದ ಓಡಾಟಕ್ಕೆ ರಸ್ತೆಗಿಳಿಸುವಂತಿಲ್ಲ. ಗೊಬ್ಬರ ತರಲು ಸುಂಟಿಕೊಪ್ಪಕ್ಕೆ ಹೋಗಲಾಗದ ಜೀಪು ನಮಗೆ ಏಕೆ? ಹಳೆಯ ಸಂಖ್ಯೆಯಲ್ಲಿಯೇ, ಸಾಮಾನ್ಯ ನೋಂದಣಿಯನ್ನು ನವೀಕರಿಸಿಕೊಂಡು ಓಡಿಸುತ್ತಿದ್ದೇವೆ.

ಓಡಿಸಲು ಶುರುಮಾಡಿದ ಮೇಲೆ ಬಂದ ದೊಡ್ಡ ತೊಂದರೆ ಪೆಟ್ರೋಲಿನದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಅರವತ್ತರ ದಶಕದ ರಬ್ಬರಿಗೆ ಅದು ಒಗ್ಗುವುದಿಲ್ಲ. ಮೊದಲ ಮಳೆಗಾಲದಲ್ಲಿಯೇ ಇಂಧನ ಪಂಪಿನ ಡಯಾಫ್ರಮ್ ಉಬ್ಬಿ ಮೆತ್ತಗಾಗಿ, ಮಾದಾಪುರದ ಏರಿನಲ್ಲಿ ಜೀಪು ನಿಂತಿತು. ಪೈಪುಗಳನ್ನೂ ಡಯಾಫ್ರಮ್ಮನ್ನೂ ಎಥೆನಾಲ್ ತಾಳುವ ವಿಟಾನ್ ರಬ್ಬರಿಗೆ ಬದಲಿಸಿದ ಮೇಲೆ ಆ ತೊಂದರೆ ಹೋಯಿತು. ಉಳಿದದ್ದು ನೀರಿನದು. ಎಥೆನಾಲ್ ಗಾಳಿಯಿಂದ ತೇವ ಹೀರುತ್ತದೆ. ನೀರು ಒಂದು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ ಮೊದಲು ಎಳೆದುಕೊಳ್ಳುವುದು ಅದನ್ನೇ. ಅರ್ಧ ತುಂಬಿದ ಟ್ಯಾಂಕಿನ ಖಾಲಿ ಜಾಗದಲ್ಲಿ ಜುಲೈ ತಿಂಗಳ ಗಾಳಿ ಇರುವುದರಿಂದ, ಮಳೆಗಾಲದುದ್ದಕ್ಕೂ ಸೀಟಿನಡಿಯ ಟ್ಯಾಂಕನ್ನು ತುಂಬಿಯೇ ಇಡುತ್ತೇವೆ. ಪ್ರತಿ ಭಾನುವಾರ ತಪ್ಪದೆ ಅರ್ಧ ಗಂಟೆಯಾದರೂ ಓಡಿಸಿ, ಎಂಜಿನ್ ಎಣ್ಣೆ ಪೂರ್ತಿ ಬಿಸಿಯಾಗುವಂತೆ ನೋಡಿಕೊಳ್ಳುತ್ತೇವೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಹಲವರಿಗಿದೆ. ಅದರಿಂದ ಎಂಜಿನ್ ತಳದ ಎಣ್ಣೆಯ ಸಂಪಿನೊಳಗೆ ತೇವ ಕೂಡುವುದೇ ಹೊರತು ಆರುವುದಿಲ್ಲ. ಓಡಿಸುವುದರಷ್ಟೇ ಮುಖ್ಯವಾದದ್ದು ಬಂದ ಮೇಲಿನ ಕೆಲಸ. ಕೆಸರನ್ನು ಆರಲು ಬಿಡದೆ ತೊಳೆಯಬೇಕು, ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗನ್ನು ಒಣ ಬಟ್ಟೆಯಲ್ಲಿ ಒರೆಸಬೇಕು, ಸ್ಪ್ರಿಂಗ್ ಪಟ್ಟಿಗಳ ತುದಿಯ ಶ್ಯಾಕಲ್ಲಿಗೂ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿಗೂ ಹಳೆಯ ಗ್ರೀಸ್ ಹೊರಬರುವವರೆಗೆ ಗ್ರೀಸ್ ಕೊಡಬೇಕು. ಇಷ್ಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಜೀಪನ್ನು ಕಟ್ಟುವಾಗ ಉತ್ಸಾಹದಿಂದ ಬರುತ್ತಿದ್ದ ಕೆಲವರು ಈ ಎರಡು ಗಂಟೆಗಳಿಗೆ ಬರುವುದಿಲ್ಲ. ಮಾವ ಮಾತ್ರ ಎಪ್ಪತ್ತಾರರಲ್ಲೂ ಗ್ರೀಸ್‌ಗನ್ ಹಿಡಿದು ಮೊದಲು ಬರುತ್ತಾರೆ.

ಬಿಡಿಭಾಗಗಳ ವಿಷಯದಲ್ಲಿ ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಕರೆದೊಯ್ಯುವ ಜೀಪಿನವರಿಗೆ ನಾವು ಋಣಿಗಳು. ಅವರ ಜೀಪುಗಳು ಬಹುಪಾಲು ಡೀಸೆಲ್ಲಿನವಾದರೂ, ಪಟ್ಟಿ, ಬುಷ್, ಬೇರಿಂಗ್, ಜಾಯಿಂಟುಗಳನ್ನು ದಿನವೂ ಮುರಿದುಕೊಂಡು ದಿನವೂ ಸರಿಮಾಡಿಕೊಳ್ಳುವ ಅವರ ಅಗತ್ಯದಿಂದಲೇ ಮಡಿಕೇರಿಯ ಅಂಗಡಿಗಳಲ್ಲಿ ಈ ಸಾಮಾನುಗಳು ಇನ್ನೂ ಸಿಗುತ್ತಿವೆ, ಅವನ್ನು ಕೂರಿಸಬಲ್ಲ ಹುಡುಗರೂ ಉಳಿದಿದ್ದಾರೆ. ಹರಿಕೇನ್ ಎಂಜಿನ್ ಕಂಡಿರದ ಅಂಥ ಇಬ್ಬರು ಯುವಕರು ಈಗ ನಮ್ಮ ಭಾನುವಾರಗಳಿಗೆ ಬರುತ್ತಿದ್ದಾರೆ. ಕಾರ್ಬ್ಯುರೇಟರಿನ ಕೆಳಗೆ ಅಡಗಿದ ಆ ಬೋಲ್ಟನ್ನು ಅವರಿಗೆ ನಾನೇ ತೋರಿಸಿದೆ.

ಈಗ ಮಾಡಿನಡಿ ಇರುವುದು ಸೋಮವಾರಪೇಟೆಯ ಗೆಳೆಯನ ಜೀಪು. ಮುಂದಿನ ಅಕ್ಸಲಿನ ತುದಿಯ ಚಕ್ರವನ್ನು ಅತ್ತಿತ್ತ ತಿರುಗಗೊಡುವ ಗುಂಡಗಿನ ನಕಲ್ಲುಗಳೊಳಗೆ ಫೆಲ್ಟ್ ಸೀಲು ಸವೆದು ಕೆಸರುನೀರು ನುಗ್ಗಿದೆ. ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆ, ಕಿಂಗ್‌ಪಿನ್ ಬೇರಿಂಗುಗಳಲ್ಲಿ ಗುಂಡಿ ಬಿದ್ದು ನಲವತ್ತರ ವೇಗದಲ್ಲಿ ಸ್ಟೀರಿಂಗ್ ಕೈಯಿಂದ ಕಿತ್ತುಹೋಗುವಂತೆ ನಡುಗುತ್ತದೆ. ಎಡಗಡೆಯದನ್ನು ಕಳೆದ ವಾರ ಬಿಚ್ಚಿ ತೊಳೆದು ಡಬ್ಬಿಗೆ ಹಾಕಿದ್ದೇವೆ. ಬೇರಿಂಗಿನ ಬಿಗಿತ ಹೊಂದಿಸುವ ತೆಳು ತಗಡುಗಳಾದ ಶಿಮ್‌ಗಳನ್ನು ಅಳೆಯಲು ಮೈಕ್ರೋಮೀಟರ್ ತರುವುದಾಗಿ ಮೇಷ್ಟ್ರು ಹೇಳಿದ್ದಾರೆ, ಬಲಗಡೆಯದು ಬರುವ ಭಾನುವಾರಕ್ಕೆ.